‘ಕೋಲುಮಂಡೆ’ಯ ಎರಡು ಹಾಡಿಕೆಗಳು

ಜನಪದ ಗೀತವೊಂದನ್ನು ಹೊಸ ವಾದ್ಯಗಳಿಗೂ ಹೊಸ ಅಭಿರುಚಿಗೂ ಹೊಂದಿಸಿ ಹಾಡಿದಾಗ ನಮ್ಮಲ್ಲಿ ಏಳುವ ಚರ್ಚೆಯು ಬಹುಮಟ್ಟಿಗೆ ಒಂದೇ ಜಾಡಿನಲ್ಲಿ ಸಾಗುತ್ತದೆ. ಪರಂಪರೆ ಕೆಟ್ಟಿತೆಂದು ಒಂದು ಪಕ್ಷದವರು ಮರುಗುತ್ತಾರೆ. ಪರಂಪರೆ ಬದುಕಬೇಕಾದರೆ ಬದಲಾಗಲೇಬೇಕೆಂದು ಇನ್ನೊಂದು ಪಕ್ಷದವರು ವಾದಿಸುತ್ತಾರೆ. ಈ ಇಬ್ಬರೂ ಹಾಡನ್ನು ಪೂರ್ತಿಯಾಗಿ ಕೇಳಿದ್ದಾರೆಯೇ ಎಂಬ ಸಂದೇಹ ಮಾತ್ರ ಮೂರನೆಯವನಿಗೆ ಉಳಿದುಬಿಡುತ್ತದೆ. ೨೦೨೦ರ ಆಗಸ್ಟ್ ತಿಂಗಳಿನಲ್ಲಿ ಶ್ರೀ ಚಂದನ್ ಶೆಟ್ಟಿಯವರ ‘ಕೋಲುಮಂಡೆ’ ಎಂಬ ರ‍್ಯಾಪ್ ಗೀತವು ಆನಂದ್ ಆಡಿಯೊ ಸಂಸ್ಥೆಯ ಮೂಲಕ ಹೊರಬಂದಾಗ ನಡೆದುದೂ ಇದೇ. ಮಲೆಯ ಮಾದೇಶ್ವರನ ಕಾವ್ಯಕ್ಕೆ ಸೇರಿದ ಸುಪ್ರಸಿದ್ಧವಾದ ಪಲ್ಲವಿಯೊಂದನ್ನು ಎತ್ತಿಕೊಂಡು ಕುಣಿತದ ದೃಶ್ಯಗಳೊಡನೆ ಅದನ್ನು ಮುದ್ರಿಸಿದ್ದರು. ಶರಣೆ ಸಂಕಮ್ಮನನ್ನು ಅಸಭ್ಯವಾಗಿ ತೋರಿಸಲಾಗಿದೆಯೆಂದು ಮಾದಪ್ಪನ ಭಕ್ತರು ಆಕ್ಷೇಪಿಸಿದರು, ಗಾಯಕರು ಕ್ಷಮೆ ಯಾಚಿಸಿದರು, ದೃಶ್ಯಮುದ್ರಿಕೆಯನ್ನು ಹಿಂತೆಗೆದುಕೊಳ್ಳಲಾಯಿತು. ಕೆಲವೇ ದಿನಗಳಲ್ಲಿ ಪ್ರಕರಣ ಮುಗಿಯಿತು. ಹೀಗೆ ವಿಮರ್ಶೆಯು ನಿಲ್ಲಬೇಕಾದ ಸ್ಥಳದಲ್ಲಿ ಕ್ಷಮಾಪಣೆಯು ನಿಂತುಬಿಟ್ಟಿತು.

ಆ ವಿಮರ್ಶೆಯ ಕೆಲಸವನ್ನು ಸಾವಕಾಶವಾಗಿ ಮಾಡಿ ನೋಡುವುದೇ ಈ ಲೇಖನದ ಉದ್ದೇಶ. ಭಕ್ತರ ನೋವನ್ನು ನಾವು ಲಘುವಾಗಿ ಎಣಿಸುವುದಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿಗೆ ಮಾದಪ್ಪ ಮನೆದೇವರು. ಶಿವರಾತ್ರಿಗೋ ದೀಪಾವಳಿಗೋ ಬೆಟ್ಟಕ್ಕೆ ಹೋಗಿಬಂದವರು ಅವರ ಮನೆಗಳಲ್ಲಿದ್ದಾರೆ. ಆದರೂ ಈ ಗೀತದ ಸೋಲನ್ನು ಅಶ್ಲೀಲತೆಯೆಂಬ ಒಂದೇ ಮಾತಿನಲ್ಲಿ ಮುಗಿಸಿದರೆ ಅದರ ನಿಜವಾದ ದೋಷ ಕಣ್ತಪ್ಪಿಹೋಗುತ್ತದೆ. ಆ ದೋಷವು ಉಡುಗೆಯಲ್ಲಿಲ್ಲ, ವಾದ್ಯದಲ್ಲಿಲ್ಲ, ರ‍್ಯಾಪ್ ಎಂಬ ಪರದೇಶದ ರೂಪದಲ್ಲಿಯೂ ಇಲ್ಲ. ಕಥೆ ಹೇಳುವುದಕ್ಕಾಗಿಯೇ ಹುಟ್ಟಿದ ಒಂದು ರೂಪವು ಕಥೆಗಳ ಒಂದು ಮಹಾರಾಶಿಯ ಬಾಗಿಲಿಗೆ ಬಂದು, ಪಲ್ಲವಿಯನ್ನು ಮಾತ್ರ ಎತ್ತಿಕೊಂಡು, ಕಥೆಯನ್ನು ಅಲ್ಲಿಯೇ ಬಿಟ್ಟುಹೋಯಿತೆಂಬುದೇ ಆ ದೋಷ.

ಮೊದಲು ರ‍್ಯಾಪ್ ಎಂಬುದನ್ನು ಕುರಿತು ಎರಡು ಮಾತು. ನಮ್ಮ ಹಿರಿಯ ಅಧ್ಯಾಪಕರಲ್ಲಿ ಅನೇಕರು ಇದನ್ನು ಗದ್ದಲವೆಂದು ಭಾವಿಸಿದ್ದಾರೆ; ಅದು ಸರಿಯಲ್ಲ. ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ, ಜಮೈಕಾದಿಂದ ವಲಸೆ ಬಂದ ಕುಟುಂಬದ ಕೂಲ್ ಹರ್ಕ್ ಎಂಬ ತರುಣನು ೧೯೭೩ರ ಆಗಸ್ಟ್ ೧೧ರಂದು ನಡೆಸಿದ ಒಂದು ಸಂತೋಷಕೂಟವನ್ನು ಈ ಕಲೆಯ ಆರಂಭವೆಂದು ಎಣಿಸುವ ರೂಢಿಯಿದೆ. ಒಂದೇ ಹಾಡಿನ ಎರಡು ತಟ್ಟೆಗಳನ್ನು ಎರಡು ಯಂತ್ರಗಳಲ್ಲಿಟ್ಟು, ಹಾಡಿನ ನಡುವೆ ಬರಿಯ ತಾಳ ನುಡಿಯುವ ಭಾಗವನ್ನು ಮತ್ತೆಮತ್ತೆ ತಿರುಗಿಸಿ ಉದ್ದಮಾಡುವುದು ಅವನ ಉಪಾಯ. ಹಾಗೆ ಉದ್ದವಾದ ತಾಳದ ಮೇಲೆ ಮಾತು ಕುಳಿತಿತು, ಮಾತಿನಿಂದ ಪದ್ಯವಾಯಿತು, ಪದ್ಯದಲ್ಲಿ ಬಡವರ ಕೇರಿಯ ಬಾಳು ಬಂದಿತು. ಗ್ರಾಂಡ್‍ಮಾಸ್ಟರ್ ಫ್ಲ್ಯಾಶ್ ಮತ್ತು ಅವನ ಸಂಗಡಿಗರು ೧೯೮೨ರಲ್ಲಿ ಹೊರತಂದ ‘ದಿ ಮೆಸೇಜ್’ ಎಂಬ ಗೀತವನ್ನು ಆ ಕೇರಿಗಳ ಚರಿತ್ರೆಗೆ ಆಧಾರವಾಗಿ ಇಂದು ಇತಿಹಾಸಕಾರರು ಬಳಸುತ್ತಾರೆ. ಒಬ್ಬನು ತಾಳ ಹಿಡಿದು ಕಥಿಸುವುದು, ಸಂಗಡಿಗರು ಪಲ್ಲವಿಯನ್ನು ಎತ್ತಿ ಕೊಡುವುದು, ಹೇಳುವವನು ಸಭೆಯನ್ನು ನೋಡಿ ಮಾತನ್ನು ಹಿಗ್ಗಿಸುವುದು ಅಥವಾ ಕುಗ್ಗಿಸುವುದು—ಈ ವಿವರಣೆಯನ್ನು ಓದಿದ ನಮ್ಮ ಸೀಮೆಯ ಯಾರಿಗಾದರೂ ಕಂಸಾಳೆಯವರ ನೆನಪಾಗದೆ ಇರದು. ಆಕಸ್ಮಿಕವೆಂದೇ ಇರಲಿ, ಡಾ. ಪಿ. ಕೆ. ರಾಜಶೇಖರ ಅವರು ಸಂಪಾದಿಸಿದ ‘ಮಲೆಯ ಮಾದೇಶ್ವರ’ ಕಾವ್ಯವು ಅಚ್ಚಾದುದೂ ಅದೇ ೧೯೭೩ರಲ್ಲಿ.

ಪರದೇಶದ ಕಾವ್ಯರೂಪವೊಂದು ಕನ್ನಡಕ್ಕೆ ಬರುವುದು ಹೊಸ ಸಂಗತಿಯೇನೂ ಅಲ್ಲ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತಿದ್ದ ಬಿ. ಎಂ. ಶ್ರೀಕಂಠಯ್ಯನವರು ೧೯೨೬ರಲ್ಲಿ ‘ಇಂಗ್ಲಿಷ್ ಗೀತಗಳು’ ಸಂಗ್ರಹವನ್ನು ಪ್ರಕಟಿಸಿದಾಗ ಮಾಡಿದ ಕೆಲಸವೂ ಇದೇ ಜಾತಿಯದು. ಆದರೆ ಅವರು ಇಂಗ್ಲಿಷಿನ ನಡೆಯನ್ನು ಎತ್ತಿ ತಂದು ಕನ್ನಡದ ಕೊರಳಿಗೆ ಕಟ್ಟಲಿಲ್ಲ. ಕನ್ನಡದ ಮಾತ್ರೆಗಳನ್ನು ಎಣಿಸಿ, ಗಣಗಳನ್ನು ಹೊಸದಾಗಿ ಜೋಡಿಸಿ, ಆದಿಪ್ರಾಸದ ಕಟ್ಟನ್ನು ಬೇಕಾದೆಡೆ ಸಡಿಲಿಸಿ, ಆ ಭಾವಗಳಿಗೆ ಇಲ್ಲಿ ಒಂದು ಮನೆ ಕಟ್ಟಿಕೊಟ್ಟರು. ಕನ್ನಡ ರ‍್ಯಾಪಿನಲ್ಲಿ ಇಂಥ ಛಂದಸ್ಸಿನ ಚಿಂತನೆ ಇನ್ನೂ ಅಪರೂಪ. ಇಂಗ್ಲಿಷ್ ಭಾಷೆಯಲ್ಲಿ ಪದಗಳಿಗೆ ಒತ್ತು ಇದೆ. ಆ ಒತ್ತು ತಾಳದ ಪೆಟ್ಟಿಗೆ ಸರಿಯಾಗಿ ಬಿದ್ದಾಗ ರ‍್ಯಾಪಿನ ಸೊಗಸು ಹುಟ್ಟುತ್ತದೆ. ಕನ್ನಡದಲ್ಲಿ ಹಾಗೆ ಒತ್ತಿಲ್ಲ. ಗುರು ಲಘುಗಳಿವೆ, ಜನಪದ ಹಾಡಿನಲ್ಲಾದರೋ ಅಂಶಗಣದ ಎಳೆತವಿದೆ. ಮತ್ತೊಂದು ತೊಡಕನ್ನೂ ಗಮನಿಸಬೇಕು. ನಮ್ಮ ವಾಕ್ಯವು ಕ್ರಿಯಾಪದದಲ್ಲಿ ಮುಗಿಯುತ್ತದೆ; ಒಂದೇ ಕಾಲದ ಒಂದೇ ಪುರುಷದ ಕ್ರಿಯಾಪದಗಳೆಲ್ಲ ಒಂದೇ ರೀತಿ ಕೊನೆಗೊಳ್ಳುತ್ತವೆ. ಆದ್ದರಿಂದ ಅಂತ್ಯಪ್ರಾಸವು ಕನ್ನಡದಲ್ಲಿ ಬಿಟ್ಟಿಯಾಗಿ ದೊರೆಯುವ ವಸ್ತು. ಬಿಟ್ಟಿ ದೊರೆತುದರಿಂದ ಕಿವಿಗೆ ಆಶ್ಚರ್ಯವಾಗುವುದಿಲ್ಲ. ಶ್ರೀ ಚಂದನ್ ಶೆಟ್ಟಿಯವರ ‘ಮೂರು ಪೆಗ್’ ಗೀತವು ಮದುವೆಮನೆಗಳಲ್ಲಿಯೂ ಗಣಪತಿಯ ಮೆರವಣಿಗೆಗಳಲ್ಲಿಯೂ ಮೊಳಗಿದುದನ್ನು ನಾವೆಲ್ಲ ಕೇಳಿದ್ದೇವೆ. ಅಲ್ಲಿ ವಿಷಯ ಲಘುವಾದುದರಿಂದ ಪ್ರಾಸವು ಸುಲಭವಾದರೂ ನಡೆಯಿತು. ‘ಕೋಲುಮಂಡೆ’ಯ ವಿಷಯ ಹಾಗಲ್ಲ.

ವಿಷಯವೇನು? ನಮ್ಮ ವಿದ್ಯಾರ್ಥಿಗಳಲ್ಲಿ ಆ ಪಲ್ಲವಿ ಬಾರದವರು ವಿರಳ. ಕಥೆ ಬಲ್ಲವರು ಇನ್ನೂ ವಿರಳ. ಆದುದರಿಂದ ಸಂಗ್ರಹವಾಗಿಯಾದರೂ ಹೇಳಬೇಕು. ಮಾದೇಶ್ವರನ ಕಾವ್ಯವನ್ನು ಹಾಡುವವರು ದೀಕ್ಷೆ ಪಡೆದ ದೇವರಗುಡ್ಡರು. ಕಾವ್ಯದ ಭಾಗಗಳಿಗೆ ಸಾಲುಗಳೆಂದು ಹೆಸರು. ಸಂಕಮ್ಮನ ಸಾಲು ಅವುಗಳಲ್ಲಿ ಒಂದು. ಹಾಡುಗಾರರಿಂದ ಹಾಡುಗಾರರಿಗೆ ವಿವರಗಳು ಬದಲಾಗುತ್ತವೆಯಾದರೂ ಹಂದರ ಒಂದೇ. ಸಂಕಮ್ಮ ಮಕ್ಕಳಿಲ್ಲದವಳು, ಗಂಡ ನೀಲೇಗೌಡ ಸೋಲಿಗರವನು. ಅವನು ಕಾಡಿಗೆ ಹೊರಟಾಗ, ತಾನು ಹಿಂದಿರುಗುವತನಕ ಪತಿವ್ರತೆಯಾಗಿರುವೆನೆಂದು ಬಲಗೈ ಭಾಷೆ ಕೊಡೆಂದು ಹೆಂಡತಿಯನ್ನು ಕೇಳುತ್ತಾನೆ. ಅವಳು ಕೊಡುವುದಿಲ್ಲ. ಬೇಡುತ್ತಾನೆ, ಗದರುತ್ತಾನೆ, ಹಿಂಸಿಸುತ್ತಾನೆ, ಆಗಲೂ ಕೊಡುವುದಿಲ್ಲ. ಕೊನೆಗೆ ಕಾಡಿನ ನಡುವೆ ಗುಡಿಸಿಲಿನಲ್ಲಿ ಅವಳನ್ನು ಕೂಡಿಹಾಕುತ್ತಾನೆ. ಉಟ್ಟುದನ್ನೂ ಕಸಿದು ಕಟ್ಟಿಹಾಕಿದನೆಂದು ಹಾಡುವುದುಂಟು. ಆ ಗುಡಿಸಿಲಿನ ಮುಂದೆ ಮಾದೇಶ್ವರನು ಜಂಗಮನಾಗಿ ಕೋರಣ್ಯಕ್ಕೆ ಬಂದು ನಿಲ್ಲುತ್ತಾನೆ. ಭಿಕ್ಷೆಯನ್ನೇ ನಮ್ಮ ಹಳ್ಳಿಗರು ಕ್ವಾರಣ್ಯ ಎನ್ನುವುದು. ಅನಂತರ ಅವಳ ಬಿಡುಗಡೆ, ಅವಳಿಗೆ ದೊರೆಯುವ ಇಬ್ಬರು ಮಕ್ಕಳು ಕಾರಯ್ಯ ಬಿಲ್ಲಯ್ಯರ ವೃತ್ತಾಂತ.

ಇಲ್ಲಿ ಎರಡು ಅಂಶಗಳನ್ನು ಗಮನಿಸೋಣ. ಒಂದನೆಯದು, ಸಂಕಮ್ಮನ ನಿರಾಕರಣೆ. ಸೀತೆಯ ಅಗ್ನಿಪ್ರವೇಶವನ್ನು ಬಲ್ಲ ನಾಡಿನಲ್ಲಿ, ತಪ್ಪಿಲ್ಲದ ಹೆಂಗಸು ತಪ್ಪಿಲ್ಲವೆಂದು ಏಕೆ ಪ್ರಮಾಣ ಮಾಡಬೇಕೆಂದು ಕೇಳಿದ ಹೆಣ್ಣೊಬ್ಬಳನ್ನು ಅಕ್ಷರ ಬಾರದ ಹಾಡುಗಾರರು ಇಷ್ಟು ಕಾಲ ಕಾಪಾಡಿಕೊಂಡು ಬಂದಿದ್ದಾರೆ. ದೇವರ ಕಾವ್ಯವೇ ಆದರೂ ಈ ಸಾಲಿನಲ್ಲಿ ದೇವರು ಬರುವುದಕ್ಕೆ ಮುಂಚೆಯೇ ಅವಳು ಗೆದ್ದಿರುತ್ತಾಳೆಂದು ನಮಗೆ ತೋರುತ್ತದೆ. ಎರಡನೆಯದು, ಪಲ್ಲವಿಯ ಸ್ಥಾನ. ಜಂಗಮನು ಭಿಕ್ಷೆಗೆ ಬಂದನೆಂಬುದು ಬಿಡಿಯಾಗಿ ಕೇಳಿದರೆ ಒಂದು ಮಂಗಳಕರವಾದ ಕರೆ, ಅಷ್ಟೇ. ಆದರೆ ಕಾವ್ಯದಲ್ಲಿ ಅದು ಒಂದು ಪ್ರಶ್ನೆ. ಬಾಗಿಲೊಳಗೆ ಇರುವವರು ಯಾರೆಂಬುದರ ಮೇಲೆ ಅದರ ಅರ್ಥ ತಿರುಗುತ್ತದೆ. ಬೇವಿನಹಟ್ಟಿ ಕಾಳಮ್ಮನ ಸಾಲಿನಲ್ಲಿ ಬಾಗಿಲೊಳಗೆ ಇರುವವಳು ಎಲ್ಲವೂ ಇದ್ದು ನೀಡದ ಸಿರಿವಂತೆ. ಸಂಕಮ್ಮನ ಸಾಲಿನಲ್ಲಿ ಇರುವವಳು ನೀಡಬೇಕೆಂಬ ಮನಸ್ಸಿದ್ದೂ ಎದ್ದು ಹೊರಗೆ ಬರಲಾರದವಳು. ಕರೆಯುವ ದನಿ ಒಂದೇ. ಮೊದಲನೆಯ ಕಡೆ ಅದು ಪರೀಕ್ಷೆ; ಎರಡನೆಯ ಕಡೆ ಕೇಳುಗನ ಎದೆ ಹಿಂಡುವ ಸಂಕಟ. ದೇವರಗುಡ್ಡರ ಹಿಮ್ಮೇಳವು ಪಲ್ಲವಿಯನ್ನು ಹತ್ತು ಸಲ ಎತ್ತಿದರೆ ಹತ್ತು ಸಲವೂ ಕೇಳುಗನು ಆ ಮುಚ್ಚಿದ ಬಾಗಿಲನ್ನು ನೋಡುತ್ತಾನೆ.

ಈಗ ೨೦೨೦ರ ಗೀತಕ್ಕೆ ಹಿಂದಿರುಗೋಣ. ಅಲ್ಲಿ ಪಲ್ಲವಿಯುಂಟು, ಅದಕ್ಕೆ ಭರ್ಜರಿಯಾದ ತಾಳವುಂಟು, ಮುದ್ರಣದ ಅಚ್ಚುಕಟ್ಟುಂಟು. ಗಾಯಕರ ದನಿಗೆ ಜನರನ್ನು ಎಬ್ಬಿಸುವ ಶಕ್ತಿಯಿದೆಯೆಂಬುದನ್ನೂ ಒಪ್ಪಬೇಕು. ಇಲ್ಲದಿರುವುದು ಬಾಗಿಲು. ಕರೆಗೆ ಉತ್ತರ ಕೊಡಬೇಕಾದವಳು ಕಥೆಯಿಂದ ಕಳಚಿಹೋಗಿದ್ದಾಳೆ. ಆದುದರಿಂದ ಅವಳು ಕುಣಿಯುವುದನ್ನು ಬಿಟ್ಟು ಮತ್ತೇನನ್ನೂ ಮಾಡುವ ಹಾಗಿಲ್ಲ. ದೃಶ್ಯದಲ್ಲಿ ಅವಳ ಉಡುಗೆ ಹೇಗಿತ್ತೆಂಬುದು ಇದರ ಮುಂದೆ ಸಣ್ಣ ಮಾತು. ನಿಲುವಂಗಿಯನ್ನೇ ತೊಡಿಸಿದ್ದರೂ ಈ ಅನ್ಯಾಯ ಉಳಿಯುತ್ತಿತ್ತು. ಗಂಡನೊಬ್ಬನು ಬಲಾತ್ಕಾರದಿಂದ ಮಾನವನ್ನು ಕಸಿದ ಹೆಂಗಸಿನ ಹೆಸರಿನಲ್ಲಿ, ಆ ಸಂಗತಿಯ ಅರಿವೇ ಇಲ್ಲದೆ, ಕಣ್ಣಿಗೆ ಹಬ್ಬವಾಗುವ ನೃತ್ಯವೊಂದನ್ನು ಯೋಜಿಸಿದುದು ಔಚಿತ್ಯಭಂಗಕ್ಕೆ ನಿದರ್ಶನವಾಗಿ ಅಲಂಕಾರಶಾಸ್ತ್ರದ ತರಗತಿಯಲ್ಲಿ ಹೇಳತಕ್ಕದ್ದು. ಆಕ್ಷೇಪಿಸಿದ ಭಕ್ತರೂ ದೇವಿಯ ಗೌರವವನ್ನು ಕುರಿತು ಮಾತನಾಡಿದರೇ ವಿನಾ ಅವಳು ಕೊಡದೆ ಉಳಿಸಿಕೊಂಡ ಭಾಷೆಯ ಪ್ರಸ್ತಾಪ ಆ ಚರ್ಚೆಯಲ್ಲಿ ನಮ್ಮ ಕಿವಿಗೆ ಬೀಳಲಿಲ್ಲ.

ಪಲ್ಲವಿಯನ್ನು ಬಿಡಿಸಿ ತೆಗೆದವರಲ್ಲಿ ಶ್ರೀ ಶೆಟ್ಟಿಯವರು ಮೊದಲಿಗರೇನಲ್ಲ. ೧೯೯೬ರಲ್ಲಿ ಟಿ. ಎಸ್. ನಾಗಾಭರಣರ ‘ಜನುಮದ ಜೋಡಿ’ ಚಲಚ್ಚಿತ್ರದಲ್ಲಿ ವಿ. ಮನೋಹರ್ ಅವರ ಸಂಗೀತಕ್ಕೆ ಎಲ್. ಎನ್. ಶಾಸ್ತ್ರಿಯವರು ಇದನ್ನು ಹಾಡಿ ರಾಜ್ಯಪ್ರಶಸ್ತಿ ಪಡೆದರು. ಇಂದಿನ ವಿದ್ಯಾರ್ಥಿಯ ಕಿವಿಯಲ್ಲಿರುವ ಧಾಟಿ ದೇವರಗುಡ್ಡರದಲ್ಲ, ಬಹುಪಾಲು ಆ ಚಿತ್ರದ್ದು. ಅಲ್ಲಿಯೂ ಸಂಕಮ್ಮನ ಸಾಲು ಪೂರ್ತಿ ಬರುವುದು ಸಾಧ್ಯವಿರಲಿಲ್ಲ. ಆದರೆ ಶಾಸ್ತ್ರಿಯವರ ಕಂಠದಲ್ಲಿ ಬೇಡುವವನ ದೈನ್ಯವೂ ದಾರಿಯ ದಣಿವೂ ಉಳಿದಿದ್ದವು. ಕಥೆ ಗೊತ್ತಿಲ್ಲದವನಿಗೂ ಇದರ ಹಿಂದೆ ಏನೋ ಇದೆಯೆಂಬ ಅರಿವು ಹತ್ತುತ್ತಿತ್ತು. ಇದೇ ನಾಗಾಭರಣರು ಕೃಷ್ಣರಾಜಪೇಟೆ ತಾಲ್ಲೂಕು ಕಿಕ್ಕೇರಿಯ ಕವಿ ಕೆ. ಎಸ್. ನರಸಿಂಹಸ್ವಾಮಿಯವರ ಗೀತಗಳನ್ನು ಚಿತ್ರಕ್ಕೆ ಅಳವಡಿಸಿದಾಗಲೂ ಕವಿಯ ಮಾತೇ ಮುಂದಿತ್ತು, ವಾದ್ಯ ಹಿಂದಿತ್ತು.

ರ‍್ಯಾಪಿನಲ್ಲಿ ಇಂಥದು ಸಾಧ್ಯವಿಲ್ಲವೆಂದು ಯಾರಾದರೂ ಹೇಳಿಯಾರು. ಬೆಂಗಳೂರಿನ ಬ್ರೋಧಾ ವಿ ಎಂಬ ಹೆಸರಿನ ಗಾಯಕರು ೨೦೧೨ರಲ್ಲಿ ಹೊರತಂದ ‘ಆತ್ಮ ರಾಮ’ವನ್ನು ಅಂಥವರು ಕೇಳಬೇಕು. ಅದರ ಮಾತು ಇಂಗ್ಲಿಷ್. ಪಲ್ಲವಿ ನಮ್ಮ ಭಜನೆಯ ಮನೆಗಳಲ್ಲಿ ಹಾಡುವ ರಾಮಸ್ತುತಿ. ದಾರಿತಪ್ಪಿದ ತರುಣನೊಬ್ಬನ ದಿನಗಳನ್ನು ನುಡಿಗಳು ಒಂದೊಂದಾಗಿ ಹೇಳುತ್ತವೆ. ಪ್ರತಿ ಸಲವೂ ಪಲ್ಲವಿಯು ಆ ಮಾತಿಗೆ ಮರುಮಾತಾಗಿ ಬರುತ್ತದೆ. ಎರವಲು ತಂದ ಪಲ್ಲವಿಗೆ ಅಲ್ಲಿ ಕೆಲಸವಿದೆ. ‘ಕೋಲುಮಂಡೆ’ಯಲ್ಲಿ ಅದು ಅಲಂಕಾರ.

ಹಾಗಾದರೆ ಇದಕ್ಕಿಂತ ಮೇಲಾದ ಹಾಡಿಕೆ ಯಾವುದು? ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರದು. ಅವರ ಬಾಯಿಂದ ಕೆ. ಕೇಶವನ್ ಪ್ರಸಾದರು ಸಂಗ್ರಹಿಸಿದ ಪಾಠವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯವು ೧೯೯೭ರಲ್ಲಿ ಪ್ರಕಟಿಸಿತು. ಸಿ. ಎನ್. ರಾಮಚಂದ್ರನ್ ಮತ್ತು ಎಲ್. ಎನ್. ಭಟ್ ಅವರು ಮಾಡಿದ ಅದರ ಇಂಗ್ಲಿಷ್ ಅನುವಾದವನ್ನು ೨೦೦೧ರಲ್ಲಿ ಸಾಹಿತ್ಯ ಅಕಾಡೆಮಿ ಹೊರತಂದಿದೆ. ದೂರದ ದೇಶಗಳ ವಿದ್ವಾಂಸರು ಸಂಕಮ್ಮನನ್ನು ಕುರಿತು ಓದಬಲ್ಲರು. ಮಂಡ್ಯ ಜಿಲ್ಲೆಯ ಪದವಿ ತರಗತಿಗೆ ಅವಳು ಅಪರಿಚಿತೆ. ಈ ಪಾಠದ ಮೇಲ್ಮೆ ಅದರ ಪ್ರಾಚೀನತೆಯಲ್ಲಿದೆಯೆಂದು ನಾವು ಹೇಳುತ್ತಿಲ್ಲ. ಮಾದಯ್ಯನವರೂ ಪ್ರಾಚೀನರಲ್ಲ, ನಮ್ಮ ಕಾಲದವರೇ. ಅವರ ಹಾಡಿಕೆಯೂ ಒಂದು ದಿನ, ಒಂದು ಸಭೆಯ ಮುಂದೆ ಆದ ಹಾಡಿಕೆ. ಅದರ ಮೇಲ್ಮೆ ಕಾಲವನ್ನು ಬಳಸುವ ಬಗೆಯಲ್ಲಿದೆ. ಹಾಡಿನಿಂದ ಮಾತಿಗೆ, ಮಾತಿನಿಂದ ಹಾಡಿಗೆ ಕಥೆ ದಾಟುತ್ತದೆ. ಗಂಡ ಹೆಂಡಿರ ವಾದವು ಒಂದೇ ಉಸಿರಿಗೆ ಮುಗಿಯುವುದಿಲ್ಲ. ಅವನು ಮತ್ತೆಮತ್ತೆ ಕೇಳುತ್ತಾನೆ, ಅವಳು ಮತ್ತೆಮತ್ತೆ ನಿರಾಕರಿಸುತ್ತಾಳೆ. ಈ ಆವರ್ತನೆಯೇ ಅವಳ ಹಠವನ್ನು ಶೀಲವನ್ನಾಗಿ ಮಾಡುತ್ತದೆ. ಯುಗೊಸ್ಲಾವಿಯದ ಹಾಡುಗಾರರನ್ನು ಕುರಿತು ಮಿಲ್ಮನ್ ಪ್ಯಾರಿ ಆರಂಭಿಸಿದ ಅಧ್ಯಯನವನ್ನು ಮುಂದುವರಿಸಿ ಆಲ್ಬರ್ಟ್ ಲಾರ್ಡ್ ೧೯೬೦ರಲ್ಲಿ ಬರೆದ ಗ್ರಂಥವು, ಸಿದ್ಧ ನುಡಿಗಟ್ಟುಗಳು ಮೌಖಿಕ ಕವಿಗೆ ಬಂಧನವಲ್ಲ, ಸಾಧನ ಎಂದು ತೋರಿಸಿಕೊಟ್ಟಿತು. ಮಾದಯ್ಯನವರ ಪಾಠ ಅದಕ್ಕೆ ಒಳ್ಳೆಯ ಕನ್ನಡ ಸಾಕ್ಷ್ಯ. ತಾಳ ಹಿಡಿದು ಸ್ಥಳದಲ್ಲಿಯೇ ಮಾತು ಹೊಸೆಯುವ ರ‍್ಯಾಪ್ ಕವಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕೇ?

ಈ ಹಾಡಿಕೆಗೂ ಕೊರತೆಗಳಿವೆ. ಪುಸ್ತಕದಲ್ಲಿ ಕಂಸಾಳೆಯ ನಾದವಿಲ್ಲ. ಎಡಗೈಯ ಬಟ್ಟಲಿಗೆ ಬಲಗೈಯ ಕಂಚಿನ ತಟ್ಟೆ ತಾಗಿ ಏಳುವ ದನಿ, ತಂಬೂರಿಯ ಶ್ರುತಿ, ದಮ್ಮಡಿಯ ಪೆಟ್ಟು, ಇವನ್ನು ಅಚ್ಚಿನಲ್ಲಿ ಹಿಡಿಯಲಾಗದು. ಓದುಗನಿಗೆ ಕೆಲವು ಪುಟಗಳು ದೀರ್ಘವೆನಿಸುತ್ತವೆ, ಏಕೆಂದರೆ ಅವು ಓದುವುದಕ್ಕಾಗಿ ಹುಟ್ಟಿದವಲ್ಲ. ಉಪಭಾಷೆಯ ರೂಪಗಳು ಪೇಟೆಯ ಹುಡುಗನನ್ನು ತಡೆದು ನಿಲ್ಲಿಸುತ್ತವೆ. ಪಾಂಡವಪುರದ ಹುಡುಗಿಗೆ ಅದೇ ರೂಪಗಳು ಅಜ್ಜಿಯ ಮಾತಿನಂತೆ ಕೇಳಿಸುವುದೂ ಉಂಟು.

ಬೆಟ್ಟವು ಚಾಮರಾಜನಗರ ಜಿಲ್ಲೆಯಲ್ಲಿದೆ, ನಮ್ಮ ಈ ನಾಲ್ಕು ತಾಲ್ಲೂಕುಗಳಿಗೆ ಈ ಕಾವ್ಯದ ಹೊಣೆಯೇನು ಎಂದು ಕೇಳಬಹುದು. ೧೯೫೬ರ ನವೆಂಬರಿನವರೆಗೆ ಆ ಬೆಟ್ಟವನ್ನು ಒಳಗೊಂಡ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನಮ್ಮ ಕಡೆಯ ಒಕ್ಕಲುಗಳು ಮಾದಪ್ಪನ ಪರಿಷೆಗೆ ಹೋಗುತ್ತಿದ್ದುದೆಂದರೆ ಒಂದು ಆಡಳಿತದಿಂದ ಇನ್ನೊಂದಕ್ಕೆ ಕಾಲುದಾರಿಯಲ್ಲಿ ದಾಟುತ್ತಿದ್ದರೆಂದೇ ಅರ್ಥ. ರಾಜಕೀಯ ಚರಿತ್ರೆಯು ಹಾಕಿದ ಗೆರೆಯನ್ನು ಹಾಡು ಲೆಕ್ಕಿಸಲಿಲ್ಲ. ಶ್ರೀರಂಗಪಟ್ಟಣವನ್ನು ಕುರಿತು ಬರೆಯುವಾಗ ನಾವು ೧೭೯೯ರ ಕೋಟೆಯ ಕಾಳಗವನ್ನೂ ಇಂಗ್ಲಿಷ್ ಸೇನಾಧಿಕಾರಿಗಳ ಟಿಪ್ಪಣಿಗಳನ್ನೂ ಸಾಲುಸಾಲಾಗಿ ಉದ್ಧರಿಸುತ್ತೇವೆ. ಟಿಪ್ಪುವಿನ ಮೇಲೆ ಲಾವಣಿಕಾರರು ಕಟ್ಟಿದ ಪದಗಳಿಗೆ ಅಡಿಟಿಪ್ಪಣಿಯಲ್ಲಿಯೂ ಸ್ಥಳ ಕೊಡುವುದು ಕಡಮೆ. ನಮ್ಮ ಶಾಸ್ತ್ರದ ಈ ಅಭ್ಯಾಸಕ್ಕೂ, ಪಲ್ಲವಿಯೊಂದೇ ಸಾಕೆಂಬ ರ‍್ಯಾಪ್ ಗಾಯಕರ ಅಭ್ಯಾಸಕ್ಕೂ ಒಳಗಿಂದೊಳಗೆ ನಂಟಿದೆ. ಹಾಡುವವರ ಬಳಿ ಕಥೆಯಿದೆಯೆಂದು ಇಬ್ಬರೂ ನಂಬುವುದಿಲ್ಲ.

ಹಾಗೆ ನಂಬಿದವರೊಬ್ಬರು ನಾಗಮಂಗಲ ತಾಲ್ಲೂಕಿನಲ್ಲಿಯೇ ಹುಟ್ಟಿದ್ದರು. ಅಂಬಲಜೀರಹಳ್ಳಿಯ ಜೀ. ಶಂ. ಪರಮಶಿವಯ್ಯನವರು ೧೯೩೩ರಲ್ಲಿ ಜನಿಸಿ ೧೯೯೫ರಲ್ಲಿ ತೀರಿಕೊಂಡರು. ದಕ್ಷಿಣ ಕರ್ಣಾಟಕದ ಜನಪದ ಕಾವ್ಯಪ್ರಕಾರಗಳನ್ನು ಕುರಿತ ಅವರ ಸಂಶೋಧನೆ, ಮೈಸೂರು ವಿಶ್ವವಿದ್ಯಾಲಯದಲ್ಲಿ ಜಾನಪದವನ್ನು ಅಧ್ಯಯನದ ವಿಷಯವನ್ನಾಗಿ ಬೆಳೆಸಲು ಅವರು ಪಟ್ಟ ಶ್ರಮ, ಎರಡಕ್ಕೂ ತಳಹದಿ ಹಳ್ಳಿಗಳಲ್ಲಿ ರಾತ್ರಿಯಿಡೀ ಕುಳಿತು ಕೇಳಿದ ಹಾಡು. ಕಂಸಾಳೆಯವರು, ನೀಲಗಾರರು, ಕಿನ್ನರಿ ಜೋಗಿಗಳು, ಇವರೆಲ್ಲರ ವಾದ್ಯ ಬೇರೆ, ದೇವರು ಬೇರೆ, ಆದರೆ ಕಥನದ ಕಸುಬು ಒಂದೇ. ಆದಿಚುಂಚನಗಿರಿಯ ನಾಥ ಪರಂಪರೆ ಕಣ್ಣೆದುರಿಗೇ ಇರುವ ನಾಗಮಂಗಲದ ವಿದ್ಯಾರ್ಥಿಗೆ ಇದನ್ನು ವಿವರಿಸಿ ಹೇಳಬೇಕಾದ ಸ್ಥಿತಿ ಬಂದಿರುವುದು ವಿಚಿತ್ರವೇ ಸರಿ.

ನಮ್ಮ ವಿದ್ಯಾರ್ಥಿಗಳಲ್ಲಿ ರ‍್ಯಾಪ್ ಕಟ್ಟುವ ಹುಡುಗರಿದ್ದಾರೆ; ಪಾಠದ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡಿರುತ್ತಾರೆ, ಕೇಳಿದರೆ ನಾಚುತ್ತಾರೆ. ಅವರನ್ನು ತಡೆಯುವುದು ಅಧ್ಯಾಪಕರ ಕೆಲಸವಲ್ಲ. ಮಾದಯ್ಯನವರ ಪಾಠವನ್ನು ಗ್ರಂಥಾಲಯದಿಂದ ತೆಗೆಸಿ ಅವರ ಕೈಗೆ ಕೊಡಬೇಕು. ಮೊದಲಿನಿಂದ ಕೊನೆಯವರೆಗೆ ಓದಿರೆಂದು ಹೇಳಿದರೆ ಓದಲಾರರು. ಬೇವಿನಹಟ್ಟಿ ಕಾಳಮ್ಮನ ಸಾಲಿನಲ್ಲಿ ಜಂಗಮನು ಬಾಗಿಲಿಗೆ ಬರುವ ಭಾಗವನ್ನು ಮೊದಲು ಗಟ್ಟಿಯಾಗಿ ಓದಿಸಿ, ಕೂಡಲೆ ಸಂಕಮ್ಮನ ಗುಡಿಸಿಲಿನ ಮುಂದೆ ಅವನು ನಿಲ್ಲುವ ಭಾಗವನ್ನು ಓದಿಸಬೇಕು. ಅದಾದ ಮೇಲೆ ನೀಲೇಗೌಡನು ಭಾಷೆ ಕೇಳುವ ಪುಟಗಳು. ಅವನ ಮಾತನ್ನು ಒಬ್ಬ ವಿದ್ಯಾರ್ಥಿಯೂ ಅವಳ ಮಾತನ್ನು ಒಬ್ಬ ವಿದ್ಯಾರ್ಥಿನಿಯೂ ಓದಲಿ. ಉಳಿದವರು ಬೆಂಚಿನ ಮೇಲೆ ತಾಳ ಹಾಕಲಿ.